ಸ್ಯಾಂಪಲ್ ಡಬ್ಬಿಯಲ್ಲಿಟ್ಟ ಬೇರು

ಮೂವತ್ತೆಂಟು ವರ್ಷ ನಾನು ಟೀಯನ್ನು ಬಾಯಿಗೆ ಹಾಕಿಕೊಂಡು ಉಗುಳಿ ಸಂಸಾರ ಸಾಗಿಸಿದವನು. ನೀಲಗಿರಿಯ ಕೂಕಲ್ತೊರೈ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ಟೀ ಮೇಕರ್ ಆಗಿದ್ದೆ. ಸುತ್ತಲಿನ ಹಟ್ಟಿಗಳ ಸಣ್ಣ ಬೆಳೆಗಾರರು ತಂದು ಹಾಕುವ ಎಲೆಯನ್ನು ಬಾಡಿಸಿ, ಅರೆದು, ಒಣಗಿಸುವುದು ಒಂದು ಕೆಲಸ. ಅದಕ್ಕಿಂತ ದೊಡ್ಡ ಕೆಲಸವೆಂದರೆ ಬೆಳಿಗ್ಗೆ ಹತ್ತು ಗಂಟೆಗೆ ಬಿಳಿ ಬಟ್ಟಲುಗಳ ಸಾಲಿನ ಮುಂದೆ ನಿಂತು, ಚಮಚದಿಂದ ಸೊರ್ರೆಂದು ಹೀರಿ, ನಾಲಗೆಯ ಮೇಲೆ ಒಂದು ಸುತ್ತು ಹೊರಳಿಸಿ, ಪಕ್ಕದ ಪಾತ್ರೆಗೆ ಉಗುಳಿ ತೀರ್ಪು ಕೊಡುವುದು. ನುಂಗಬಾರದು. ನನಗೆ ಈ ವಿದ್ಯೆ ಕಲಿಸಿದ ಹಿರಿಯರು, “ನುಂಗಿದ್ರೆ ನೀನು ಗಿರಾಕಿ, ಆಮೇಲೆ ನಿನ್ನ ಮಾತು ಯಾರೂ ಕೇಳಲ್ಲ” ಎಂದು ಗದರುತ್ತಿದ್ದರು.

ಆ ಶಿಸ್ತನ್ನು ನಿವೃತ್ತನಾದ ಮೇಲೆ ಒಂದು ಪಾನೀಯದ ವಿಷಯದಲ್ಲಿ ಮುರಿದೆ. ಅದು ಟೀಯೂ ಆಗಿರಲಿಲ್ಲ. ಅದರಿಂದ ಏನಾಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನನ್ನ ಹಾಗೆ ಎದೆಯಲ್ಲಿ ಲೋಹದ ಕವಾಟ ಹೊತ್ತುಕೊಂಡು, ತಿಂಗಳಿಗೊಮ್ಮೆ ರಕ್ತ ಕೊಡುವ ಸಾಲಿನಲ್ಲಿ ಕೂರುವವರು ಅಲ್ಲಲ್ಲಿ ಇದ್ದೇ ಇರುತ್ತೀರಿ. ನಿಮಗಿಂತ ದೊಡ್ಡ ದಡ್ಡನೊಬ್ಬ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾನೆ ಎಂದು ತಿಳಿದರೆ ನಿಮಗೆ ಸ್ವಲ್ಪ ಹಗುರಾದೀತು.

ಚಿಕ್ಕಂದಿನಲ್ಲಿ ಮಂಡಿ, ಮಣಿಕಟ್ಟು ಬಾತು ಜ್ವರ ಬರುತ್ತಿತ್ತು. ಗುಂಡ್ಲುಪೇಟೆ ಕಡೆಯಿಂದ ಈ ಬೆಟ್ಟಕ್ಕೆ ಆಲೂಗಡ್ಡೆ ವ್ಯಾಪಾರಕ್ಕೆ ಬಂದು ನೆಲೆಸಿದ ನಮ್ಮಪ್ಪ ಅದನ್ನು ಚಳಿಯ ಲೆಕ್ಕಕ್ಕೆ ಬರೆದು ಕಂಬಳಿ ಹೊದಿಸಿದರು. ಆ ಜ್ವರ ಆಗಲೇ ಹೃದಯಕ್ಕೆ ಕೈ ಹಾಕಿತ್ತಂತೆ. ಅರವತ್ತೊಂದನೆಯ ವಯಸ್ಸಿಗೆ, ಫ್ಯಾಕ್ಟರಿಯಿಂದ ಬಿಡುಗಡೆಯಾಗಿ ಇನ್ನೇನು ಕಾಲು ಚಾಚಬೇಕು ಎನ್ನುವಾಗ, ಮನೆಯ ಮುಂದಿನ ಏರು ಹತ್ತಲಾಗದೆ ಕೂತುಬಿಟ್ಟೆ. ಕೊಯಮತ್ತೂರಿನಲ್ಲಿ ಎದೆ ತೆರೆದು ಹಳೆಯ ಕವಾಟ ತೆಗೆದು ಹೊಸದು ಕೂರಿಸಿದರು. ಅಂದಿನಿಂದ ನನ್ನೊಳಗೆ ಸಣ್ಣಗೆ ಟಿಕ್ ಟಿಕ್ ಸದ್ದು. ಮಂಜು ಕವಿದು ಊರೆಲ್ಲ ಸುಮ್ಮನಾದ ಮಧ್ಯಾಹ್ನಗಳಲ್ಲಿ ಅದು ಅಡಿಗೆಮನೆಯವರೆಗೂ ಕೇಳುತ್ತದೆ.

“ಊಟಕ್ಕೆ ಕೂತ್ರೆ ಗೋಡೆ ಗಡಿಯಾರ ಯಾವ್ದು, ನೀವ್ಯಾವ್ದು ಅಂತ್ಲೇ ಗೊತ್ತಾಗಲ್ಲ ಕಣ್ರೀ” ಎಂದಳು ನನ್ನ ಹೆಂಡತಿ ಸರೋಜ.

“ಗೋಡೆಯದಕ್ಕೆ ಕೀಲಿ ಬೇಕು. ನನಗೆ ಮಾತ್ರೆ ಸಾಕು” ಎಂದೆ.

ಆ ಮಾತ್ರೆಯೇ ಈ ಕಥೆಯ ಅಧಿಪತಿ. ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಅದನ್ನು ತೆಳುವಾಗಿಡುವುದು ಅದರ ಕೆಲಸ. ತೀರ ತೆಳುವಾದರೆ ರಕ್ತ ಸೋರುತ್ತದೆ, ಸಾಲದಿದ್ದರೆ ಹೆಪ್ಪು ಮಿದುಳಿಗೆ ಹೋಗುತ್ತದೆ. ನಡುವೆ ಇರುವುದು, ರಕ್ತ ಪರೀಕ್ಷೆಯ ನಂಬರಿನಲ್ಲಿ ಹೇಳುವುದಾದರೆ, ಎರಡೂವರೆಯಿಂದ ಮೂರೂವರೆಯವರೆಗಿನ ಒಂದು ಕಿರಿದಾದ ಓಣಿ. ತಿಂಗಳಿಗೊಮ್ಮೆ ಊಟಿಯ ಒಂದು ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿಸಿಕೊಂಡು ನಾನು ಆ ಓಣಿಯಲ್ಲಿ ಇದ್ದೇನೋ ಇಲ್ಲವೋ ತಿಳಿದು ಬರಬೇಕು.

ಅಲ್ಲಿಯ ಸಿಸ್ಟರ್ ಸೆಲ್ವಿ ಎಂಬಾಕೆ. ಹಳದಿ ಪುಸ್ತಕ ತೆರೆದಿಟ್ಟುಕೊಂಡು, ಮುಖ ಮೇಲೆತ್ತದೆ, ಎಲ್ಲರಿಗೂ ಅದೇ ಪ್ರಶ್ನೆ: “ಮಾತ್ತಿರೈ ವಿಟ್ಟೀಂಗಳಾ? ಕೀರೆ ಸಾಪ್ಟೀಂಗಳಾ?” ಮಾತ್ರೆ ತಪ್ಪಿಸಿದಿರಾ, ಸೊಪ್ಪು ತಿಂದಿರಾ. ಸೊಪ್ಪಿನಲ್ಲಿ ಮಾತ್ರೆಯ ಬಲ ಕುಂದಿಸುವ ಗುಣವಿದೆಯಂತೆ. ಡಾಕ್ಟರು ನಮಗೆ ಹೇಳಿದ್ದು ಸೊಪ್ಪನ್ನು ಅಳತೆಯಲ್ಲಿ, ವಾರವಾರವೂ ಒಂದೇ ಸಮನಾಗಿ ತಿನ್ನಿ ಎಂದು. ಸರೋಜ ಕೇಳಿಸಿಕೊಂಡದ್ದು ಸೊಪ್ಪು ವಿಷ ಎಂದು. ಹಿತ್ತಿಲಲ್ಲಿ ಅವಳು ಇಪ್ಪತ್ತು ವರ್ಷದಿಂದ ಕಾಪಾಡಿಕೊಂಡು ಬಂದ ದಂಟು, ಮೆಂತ್ಯ, ಕೊತ್ತಂಬರಿಯ ಒಂದು ಮಡಿ ಇತ್ತು. ಅದರ ಸೊಪ್ಪೆಲ್ಲ ಆಮೇಲೆ ನೆರೆಮನೆಗಳಿಗೆ ಹೋಗತೊಡಗಿತು.

ಆಪರೇಷನ್ ಆಗಿ ಒಂದು ವರ್ಷವಾದರೂ ನನಗೆ ಮೈಯಲ್ಲಿ ಕಸುವು ಬಂದಿರಲಿಲ್ಲ. ಏರಿನ ಅರ್ಧಕ್ಕೆ ನಿಂತು, ದೃಶ್ಯ ನೋಡುವವನ ಹಾಗೆ ಕೈ ಹಣೆಗೆ ಹಚ್ಚಿ ಉಸಿರು ಸುಧಾರಿಸಿಕೊಳ್ಳುತ್ತಿದ್ದೆ. ಮೂವತ್ತೆಂಟು ವರ್ಷ ಅದೇ ದೃಶ್ಯ ನೋಡಿದವನು ಹೊಸದಾಗಿ ಅದರಲ್ಲೇನು ನೋಡುತ್ತಾನೆ ಎಂದು ಯಾರೂ ಕೇಳಲಿಲ್ಲ. ಅದು ಅವರ ದೊಡ್ಡತನ.

ಬೋಜಣ್ಣ ಮಾತ್ರ ಕೇಳಿದ. ಅವನು ಪಕ್ಕದ ಹಟ್ಟಿಯ ಬಡಗ ಜನದವನು, ಎರಡು ಎಕರೆ ಟೀ ಇರುವವನು. ಮೂವತ್ತು ವರ್ಷ ನಮ್ಮ ಫ್ಯಾಕ್ಟರಿಗೆ ಎಲೆ ಹಾಕಿದ. ಮೂವತ್ತು ವರ್ಷವೂ ನಾನು ಅವನ ಎಲೆ ಮುದಿಯೆಂದು ತಕರಾರು ತೆಗೆದೆ. ಇಂಥ ಜಗಳದಿಂದ ಹುಟ್ಟಿದ ಸ್ನೇಹ ಬಹಳ ಗಟ್ಟಿ. ಅವನ ಬಡಗ ಮಾತನ್ನು ನಾನು ಇಲ್ಲಿ ನನ್ನ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಅವನು ಅದನ್ನೂ ಆಕ್ಷೇಪಿಸುತ್ತಾನೆ.

“ಏನಯ್ಯ, ಗಾಳಿಗೆ ಬಿದ್ದ ಎಲೆ ಹಾಗೆ ಬಾಡಿದ್ದೀಯ. ಇದ ಕುಡಿ” ಎಂದು ಒಂದು ಕೆಂಪು ಪೆಟ್ಟಿಗೆ ಕೊಟ್ಟ. ಹಡಗಿನಲ್ಲಿ ಕೆಲಸ ಮಾಡುವ ಅವನ ಅಕ್ಕನ ಮಗ ತಂದದ್ದು. ಜಿನ್ಸೆಂಗ್ ಟೀ. ಪೆಟ್ಟಿಗೆಯ ಮೇಲೆ ಕೈಕಾಲು ಮೂಡಿ ಸಣ್ಣ ಮನುಷ್ಯನ ಹಾಗೆ ಕಾಣುವ ಒಂದು ಬೇರಿನ ಚಿತ್ರ. “ಕೊರಿಯಾದಲ್ಲಿ ತೊಂಬತ್ತರ ಮುದುಕರು ಇದ ಕುಡಿದು ಬೆಟ್ಟ ಓಡಿ ಹತ್ತುತ್ತಾರಂತೆ.”

“ಓಡಿ ಹತ್ತಿ ಏನು ಮಾಡ್ತಾರೆ?”

“ಅದ ಅವನು ಹೇಳಲಿಲ್ಲ.”

ಇಲ್ಲಿ ನಮ್ಮ ಮನೆಯ ಒಂದು ಕಟ್ಟಳೆಯನ್ನು ಹೇಳಬೇಕು. ಮುಂದಿನ ಕೋಣೆಯ ಕಪಾಟಿನಲ್ಲಿ ನನ್ನ ಸ್ಯಾಂಪಲ್ ಡಬ್ಬಿಗಳು ಆರು ಇವೆ. ಯಾವ ಯಾವ ವರ್ಷ ಯಾವ ಟೀ ಹೇಗೆ ಬಂತು ಎಂಬುದರ ಸಾಕ್ಷಿಗಳು. ಟೀ ಪುಡಿಗೆ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುವ ಗುಣ. ಆದ್ದರಿಂದ ಈರುಳ್ಳಿ, ಇಂಗು ಮುಟ್ಟಿದ ಕೈಯವರು ಆ ಡಬ್ಬಿ ತೆರೆಯಬಾರದು. ಫ್ಯಾಕ್ಟರಿಯ ರುಚಿ ಕೋಣೆಗೆ ಅಡಿಗೆಯವರನ್ನು ಬಿಡುತ್ತಿರಲಿಲ್ಲ. ನಾನು ಆ ಕಾನೂನನ್ನು ಮನೆಗೂ ತಂದಿದ್ದೆ. ಮದುವೆಯಾದ ಹೊಸದರಲ್ಲಿ ಸರೋಜ ಒಮ್ಮೆ ಡಬ್ಬಿ ತೆರೆದು ಮೂಸಿದಾಗ, ನಾನು ಇಡೀ ಡಬ್ಬಿಯನ್ನು ತಿಪ್ಪೆಗೆ ಸುರಿದು ಬಂದೆ. ಆಮೇಲೆ ಅವಳು ಧೂಳು ಒರೆಸುವಾಗ ಕೂಡ ಡಬ್ಬಿಗಳನ್ನು ಮುಟ್ಟಲಿಲ್ಲ. ಅವುಗಳ ಸುತ್ತ ಒರೆಸುತ್ತಿದ್ದಳು.

ಬೋಜಣ್ಣನ ಬೇರಿನ ಪುಡಿಯನ್ನು ನಾನು ಮೂರನೆಯ ಡಬ್ಬಿಯ ಟೀ ಚೆಲ್ಲಿ ಅದಕ್ಕೆ ಸುರಿದೆ.

ಯಾಕೆ ಬಚ್ಚಿಟ್ಟೆ ಎಂದು ಆಮೇಲೆ ಎಲ್ಲರೂ ಕೇಳಿದರು. ಡಾಕ್ಟರ ಭಯದಿಂದಲ್ಲ. ಅದನ್ನು ಕುಡಿಯುವುದರಿಂದ ಏನಾದರೂ ಆದೀತೆಂದು ನನಗೆ ಹೊಳೆದೇ ಇರಲಿಲ್ಲ. ಬಚ್ಚಿಟ್ಟದ್ದು ನಾಚಿಕೆಯಿಂದ. ಈ ಜಿಲ್ಲೆಯಲ್ಲಿ ಟೀ ಮೇಕರ್ ಆಗಿದ್ದವನು ಬೇರಿನ ಪುಡಿ ಕಲಸಿಕೊಂಡು ಕುಡಿಯುತ್ತಾನೆಂದು ಸುದ್ದಿಯಾದರೆ, ನಾನು ತಿರಸ್ಕರಿಸಿದ ಎಲೆಯವರೆಲ್ಲ ಸಾಲಾಗಿ ಬಂದು ನಮ್ಮ ಗೇಟಿನ ಮುಂದೆ ನಗುತ್ತಿದ್ದರು. ಮಧ್ಯಾಹ್ನ ನಾಲ್ಕಕ್ಕೆ ಸರೋಜ ಹಾಲು ತರಲು ಸೊಸೈಟಿಗೆ ಹೋದಾಗ ನೀರು ಕಾಯಿಸಿ, ಒಂದು ಬಟ್ಟಲು ಕಲಸಿ ಕುಡಿಯುತ್ತಿದ್ದೆ. ಮಣ್ಣಿನ ರುಚಿ, ಆಮೇಲೆ ಕಹಿ, ಕೊನೆಗೆ ಗಂಟಲಲ್ಲಿ ಎಲ್ಲೋ ಒಂದು ಸಿಹಿ. ವೃತ್ತಿಯ ದೃಷ್ಟಿಯಿಂದ ಉಗುಳಬೇಕಾದದ್ದು. ನುಂಗಿದೆ.

ನಿಜ ಹೇಳಬೇಕು, ಕಸುವು ಬಂದ ಹಾಗನಿಸಿತು. ಬೇರಿನ ಗುಣವೋ ಗುಟ್ಟಿನ ಗುಣವೋ ಹೇಳಲಾರೆ. ಮೂರು ವಾರದಲ್ಲಿ ನಿಲ್ಲದೆ ಏರು ಹತ್ತಿದೆ. ದಿನಕ್ಕೆ ಎರಡು ಬಟ್ಟಲು ಮಾಡಿಕೊಂಡೆ.

ಮುಂದಿನ ತಿಂಗಳು ಸೆಲ್ವಿ ಸಿಸ್ಟರ್ ಮೊದಲ ಸಲ ಪುಸ್ತಕದಿಂದ ಮುಖ ಎತ್ತಿದಳು. ನಂಬರ್ ಎರಡಕ್ಕೆ ಇಳಿದಿತ್ತು, ಅಂದರೆ ರಕ್ತ ಗಟ್ಟಿಯಾಗತೊಡಗಿತ್ತು.

“ಎನ್ನ ಅಯ್ಯಾ, ಕೀರೆಯಾ?”

ಅಲ್ಲ ಎಂದೆ. ಬೇರೆ ಮಾತ್ರೆ ಏನಾದರೂ, ಎಂದಳು. ಇಲ್ಲ ಎಂದೆ. ಎರಡೂ ಸತ್ಯ. ಅಷ್ಟು ಸಲೀಸಾಗಿ ಸತ್ಯ ಹೇಳಿದ್ದು ನನ್ನ ಜೀವನದಲ್ಲಿ ಕಡಿಮೆ. ಡಾಕ್ಟರು ಮಾತ್ರೆ ಸ್ವಲ್ಪ ಏರಿಸಿ, ಜೊತೆಗೆ ಬಂದಿದ್ದ ಸರೋಜಳ ಕಡೆ ತಿರುಗಿ, “ಅಡಿಗೆ ಸ್ವಲ್ಪ ನೋಡಿಕೊಳ್ಳಿ ಅಮ್ಮ” ಎಂದರು. ಅವರು ಹೇಳಿದ್ದು ಇಷ್ಟೇ, ಅದೂ ಮೆತ್ತಗೆ.

ಮನೆಗೆ ಬಂದವಳೇ ಸರೋಜ ಕುಡುಗೋಲು ಹಿಡಿದು ಹಿತ್ತಿಲಿಗೆ ಹೋದಳು. ದಂಟು ಕಿತ್ತಳು, ಮೆಂತ್ಯ ಕಿತ್ತಳು. ಕೊತ್ತಂಬರಿಯ ಮುಂದೆ ಸ್ವಲ್ಪ ಹೊತ್ತು ಕೂತಿದ್ದು ಅದನ್ನೂ ಕಿತ್ತಳು. ನಾನು ಕಿಟಕಿಯಿಂದ ನೋಡಿದೆ. ಸಾರಿಗೆ ಕರಿಬೇವು ಕೂಡ ಬೀಳದ ಕಾಲ ಶುರುವಾಯಿತು.

ಆದರೂ ಮುಂದಿನ ಸಲ ನಂಬರ್ ಒಂದೂ ಮುಕ್ಕಾಲು. ಗೂಡಲೂರಿನಲ್ಲಿ ಟೀಚರ್ ಆಗಿರುವ ಮಗಳು ಉಷಾ ಫೋನಿನಲ್ಲಿ ತಾಯಿಯನ್ನೇ ಹಿಡಿದುಕೊಂಡಳು.

“ಅಮ್ಮ, ಎಷ್ಟು ಸಲ ಹೇಳೋದು ನಿಂಗೆ? ಅಪ್ಪ ಕೇಳ್ತಾರೆ ಅಂತ ಏನಾದ್ರೂ ಹಾಕ್ತಿದೀಯಾ ನೀನು?”

“ಇಲ್ಲ ಕಣೆ. ದೇವ್ರಾಣೆಗೂ ಇಲ್ಲ.”

“ಮತ್ತೆ ನಂಬರ್ ತಾನಾಗೇ ಇಳಿಯುತ್ತಾ?”

ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು. ಸರೋಜ ಸೆರಗಿನಿಂದ ಫೋನ್ ಒರೆಸುತ್ತ ನಿಂತಳು. ಒಣಗಿದ ಫೋನನ್ನು ಒರೆಸುವ ಅಗತ್ಯವಿರಲಿಲ್ಲ. ನಾನು ಪೇಪರ್ ಓದುತ್ತಿದ್ದೆ. ಆ ದಿನದ ಪೇಪರಿನಲ್ಲಿ ಏನಿತ್ತೋ ಈಗ ನೆನಪಿಲ್ಲ, ಪೇಪರನ್ನು ಕೆಳಗಿಡಲಿಲ್ಲ ಎಂಬುದು ನೆನಪಿದೆ.

ಅದಾಗಿ ಹತ್ತು ದಿನಕ್ಕೆ, ಒಂದು ಬುಧವಾರ ಬೆಳಿಗ್ಗೆ, ಹಳೆ ಚಾಳಿಗೆ ಹತ್ತು ಗಂಟೆಗೆ ಎರಡು ಬಟ್ಟಲು ಟೀ ಬಸಿದು ಮೇಜಿನ ಮೇಲಿಟ್ಟೆ. ಚಮಚ ಎತ್ತಿದೆ. ಅದು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಲು ಹೋದರೆ ಬಲಗೈ ಬೇರೆ ಯಾರದೋ ಆಗಿತ್ತು. ಸದ್ದಿಗೆ ಸರೋಜ ಬಂದಳು. ಚಮಚ ಬಿತ್ತು ಎಂದು ಹೇಳಬೇಕು. ಚಮಚ ಎಂಬ ವಸ್ತು ಎದುರಿಗೇ ಬಿದ್ದಿದೆ, ಅದರ ಹೆಸರು ಮಾತ್ರ ಎಲ್ಲೂ ಇಲ್ಲ. ಬಾಯಿಂದ ಒಂದು ಸದ್ದು ಬಂತು. ಮನುಷ್ಯರದಲ್ಲ.

ಅವಳ ಮುಖ ನೋಡಿ ನನಗೆ ಏನಾಗಿದೆ ಎಂದು ಗೊತ್ತಾಯಿತು.

ಬೋಜಣ್ಣ ಎಲೆ ಸಾಗಿಸುವ ತನ್ನ ಪಿಕಪ್ ತಂದ. ಹಿಂದೆ ಎರಡು ಮೂಟೆ ಎಲೆ ಇಳಿಸದೆ ಹಾಗೇ ಇತ್ತು. ಮುಂದಿನ ಸೀಟಿನಲ್ಲಿ ನಾನು ನಡುವೆ, ಆಚೆ ಸರೋಜ. ಕೋಟಗಿರಿ ದಾಟಿ, ಕೊಯಮತ್ತೂರಿನ ಆಸ್ಪತ್ರೆಗೆಂದು, ಮೇಟುಪಾಳ್ಯದ ಘಾಟಿ ಇಳಿಯತೊಡಗಿದೆವು. ಸರೋಜ ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳು ಹಿಡಿದದ್ದು ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ಬೋಜಣ್ಣ ಏನಾದರೊಂದು ಹೇಳುತ್ತಿದ್ದ.

“ಮಾತಾಡಬೇಕು ಅಂತ ಇಲ್ಲಯ್ಯ. ಮೂವತ್ತು ವರ್ಷ ನೀ ಆಡಿದ್ದು ಸಾಕು. ಸುಮ್ಮನೆ ಕೂರು.”

ನಾನು ಯೋಚಿಸುತ್ತಿದ್ದದ್ದು ಸಾವಿನ ಬಗ್ಗೆ ಅಲ್ಲ. ಹೀಗೇ ಉಳಿದುಬಿಟ್ಟರೆ, ಹೆಸರುಗಳೆಲ್ಲ ಕಳೆದುಹೋದ ಲೋಕದಲ್ಲಿ ಸರೋಜಳನ್ನು ಏನೆಂದು ಕರೆಯುವುದು ಎಂದು. ಅವಳ ಹೆಸರನ್ನು ಒಳಗೆ ಹುಡುಕಿದೆ. ಸಿಗಲಿಲ್ಲ.

ಘಾಟಿಯ ಕೆಳಗಿನ ತಿರುವುಗಳಲ್ಲಿ ಸೆಕೆ ಮುಖಕ್ಕೆ ಬಡಿಯಿತು. ಹಿಂದಿನ ಮೂಟೆ ಬಿಸಿಗೆ ಬೆವರಿ ಹಸಿ ಎಲೆಯ ವಾಸನೆ ಎದ್ದಿತು. ಆಗ ನನ್ನ ಬಾಯಿ ತಾನಾಗಿ ತೆರೆದು, ತೊದಲುತ್ತ, ಹೇಳಿತು: “ಎಲೆ… ಮುದಿ.”

ಬೋಜಣ್ಣ ಗಾಡಿಯನ್ನು ರಸ್ತೆ ಅಂಚಿಗೆ ಹಾಕಿ ನಿಲ್ಲಿಸಿದ. ಸ್ಟೀರಿಂಗ್ ಮೇಲೆ ಹಣೆ ಇಟ್ಟುಕೊಂಡ. ಭುಜ ಅಲುಗುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಸರೋಜಳಿಗೆ ಹೇಳಿದ, “ನೋಡಮ್ಮ, ಬಂದ ಮಾತು ನೋಡು. ಸತ್ತರೂ ಇವನು ನನ್ನ ಎಲೆ ಬಿಡಲ್ಲ.”

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೈಗೆ ಅರ್ಧ ಜೀವ ಬಂದಿತ್ತು, ಮಾತು ಮುಕ್ಕಾಲು. ತಲೆಯ ಫೋಟೋ ತೆಗೆದರು. ಸಣ್ಣ ಹೆಪ್ಪು ಬಂದು ಹೋಗಿದೆ, ದೊಡ್ಡದು ಬರುವ ಮೊದಲು ಹೇಳಿ ಹೋಗಿದೆ, ಎಂದರು. ನಂಬರ್ ಒಂದೂವರೆಗೂ ಕೆಳಗೆ. ಕಾಯುವ ಕೋಣೆಯಲ್ಲಿ ಫ್ಯಾನಿನ ಕೆಳಗೆ ನಮ್ಮ ಬೆಟ್ಟದ ಸ್ವೆಟರ್ ತೊಟ್ಟುಕೊಂಡೇ ಕೂತಿದ್ದೆವು. ಕೊಯಮತ್ತೂರಿನವರೆಲ್ಲ ನಮ್ಮನ್ನು ನೋಡಿ ಬೆವರುತ್ತಿದ್ದರು. ಒಬ್ಬ ಅಪರಿಚಿತ ಹೆಂಗಸು ಎದ್ದು ಬಂದು ಸರೋಜಳ ಕೈಗೆ ಒಂದು ನೀರಿನ ಬಾಟಲಿ ಕೊಟ್ಟು, ಏನೂ ಕೇಳದೆ ಹೋಗಿ ತನ್ನ ಜಾಗದಲ್ಲಿ ಕೂತಳು. ಆ ದಿನದ್ದು ಬಹುಪಾಲು ಮಸುಕಾಗಿದೆ, ಆ ಬಾಟಲಿ ಮಾತ್ರ ಸ್ಪಷ್ಟವಾಗಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಾಗದ ತೆಗೆದು ಮೊದಲಿನಿಂದ ಶುರು ಮಾಡಿದರು. ಮಾತ್ರೆ ಇಷ್ಟು ಏರಿಸಿದ್ದಾರೆ, ಆದರೂ ಇಳಿಯುತ್ತಿದೆ, ಯಾಕೆ? ಏನು ತಿಂದಿರಿ?

ಸರೋಜ ಎದ್ದು ನಿಂತಳು. ತಮಿಳು ಅವಳಿಗೆ ಅಂಗಡಿಯ ಮಟ್ಟಕ್ಕೆ ಸಾಲುತ್ತದೆ. ಆದರೆ ಇದನ್ನು ಅವಳು ಕನ್ನಡದಲ್ಲೇ ಹೇಳಿದಳು, ಬೋಜಣ್ಣ ತಮಿಳಿಗೆ ತಿರುಗಿಸಿದ.

“ತಪ್ಪು ನಂದು ಡಾಕ್ಟ್ರೇ. ಹೋದ ತಿಂಗ್ಳು ಇವರಿಗೆ ಊಟ ಸೇರ್ತಿರ್ಲಿಲ್ಲ. ಸಪ್ಪೆ ಸಪ್ಪೆ ಅಂತಿದ್ರು. ಎರಡು ದಿನ ಸಾರಿಗೆ ಪಕ್ಕದ್ಮನೆಯಿಂದ ತಂದು ನಾಕು ಎಳೆ ಕೊತ್ತಂಬ್ರಿ ಹಾಕ್ಬಿಟ್ಟೆ. ಹೆಚ್ಚಿ ಹಾಕಿದ್ರೆ ಕಾಣುತ್ತೆ ಅಂತ ಅರೆದು ಹಾಕ್ದೆ. ಯಾರಿಗೂ ಹೇಳ್ಲಿಲ್ಲ. ಮಗಳಿಗೂ ದೇವ್ರಾಣೆ ಮಾಡಿ ಸುಳ್ಳು ಹೇಳ್ದೆ.”

ಅಷ್ಟು ಹೇಳಿ, ತೀರ್ಪಿಗೆ ಕಾಯುವವಳ ಹಾಗೆ ಕೈ ಕಟ್ಟಿ ನಿಂತಳು.

ಡಾಕ್ಟರು ಕಾಗದದಲ್ಲಿ ಸೊಪ್ಪು ಎಂದು ಬರೆದರು. ಅಪರಾಧಿ ಸಿಕ್ಕಿದ್ದ. ತಪ್ಪೊಪ್ಪಿಗೆಯೂ ಆಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ, ಮಾತು ಇನ್ನೂ ಸರಿಯಾಗಿ ಬರುತ್ತಿಲ್ಲ ಪಾಪ ಎಂದು ಎಲ್ಲರೂ ಕ್ಷಮಿಸುತ್ತಿದ್ದರು. ಮನೆಗೆ ಹೋಗುತ್ತಿದ್ದೆ, ನಾಲ್ಕು ಗಂಟೆಗೆ ನೀರು ಕಾಯಿಸುತ್ತಿದ್ದೆ. ಆದರೆ ಆ ಕ್ಷಣ, ಮೊದಲ ಸಲ, ಬೇರಿನ ಬಟ್ಟಲು ಮತ್ತು ನಂಬರಿನ ಕಾಗದ ಎರಡೂ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು.

“ಅವಳಲ್ಲ” ಎಂದೆ. ನಾಲಗೆ ದಪ್ಪವಾಗಿತ್ತು. ಒಂದೊಂದೇ ಮಾತನ್ನು ಮೂಟೆ ಎತ್ತಿದ ಹಾಗೆ ಎತ್ತಿ ಇಟ್ಟೆ. “ನಾನು. ಬೇರು. ಕುಡಿದೆ. ಮೂರು ತಿಂಗಳು. ದಿನಾ.”

“ಎನ್ನ ವೇರು?” ಎಂದರು ಡಾಕ್ಟರು. ಯಾವ ಬೇರು.

ಹೆಸರು ನಾಲಗೆಗೆ ಬರಲಿಲ್ಲ. ಬೋಜಣ್ಣ ಗೋಡೆಗೆ ಒರಗಿದ. “ಜಿನ್ಸೆಂಗ್” ಎಂದ. “ನಾ ಕೊಟ್ಟದ್ದು.”

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಆ ಬೇರು ಕೆಲವರಲ್ಲಿ ಈ ಮಾತ್ರೆಯ ಕೈ ಕಟ್ಟಿಹಾಕುತ್ತದೆ ಎಂದರು. ಅದೇ ಕಾರಣವೆಂದು ಆಣೆ ಮಾಡಿ ಹೇಳಲಾರೆ, ಆದರೆ ನಾಲ್ಕು ಎಳೆ ಕೊತ್ತಂಬರಿಗೆ ಈ ಕೆಲಸ ಮಾಡುವ ಶಕ್ತಿಯಿಲ್ಲ ಎಂದರು. ಇನ್ನೂ ಒಂದು ಹೇಳಿದರು: ಬೇರು ನಿಂತರೆ ಏರಿಸಿದ ಮಾತ್ರೆ ಈಗ ಹೆಚ್ಚಾಗಿ ರಕ್ತ ಸೋರಬಹುದು, ಆದ್ದರಿಂದ ಕುಡಿಯುವುದನ್ನಷ್ಟೇ ಅಲ್ಲ, ಬಿಡುವುದನ್ನೂ ಹೇಳಿಯೇ ಬಿಡಬೇಕು. ಅದಕ್ಕಾಗಿ ಒಂಬತ್ತು ದಿನ ಅಲ್ಲೇ ಇಟ್ಟುಕೊಂಡು ದಿನಾ ರಕ್ತ ನೋಡಿದರು. ಕಾಗದದಲ್ಲಿ ಸೊಪ್ಪು ಎಂದು ಬರೆದದ್ದರ ಮೇಲೆ ಅವರು ಗೆರೆ ಎಳೆಯುವುದನ್ನು ಸರೋಜ ನಿಂತೇ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತಳು.

ಒಂಬತ್ತು ದಿನವೂ ಅವಳು ನನಗೆ ತಲೆ ಬಾಚಿದಳು, ಇಡ್ಲಿ ತಿನ್ನಿಸಿದಳು, ಮಾತಾಡಲಿಲ್ಲ. ವಾಪಸು ಬರುವಾಗ, ಘಾಟಿ ಏರಿ ತಣ್ಣನೆ ಗಾಳಿ ಶುರುವಾದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

“ಯಾವ ಡಬ್ಬಿ?”

“ಮೂರನೇದು.”

“ಹ್ಞೂಂ” ಎಂದಳು. ಇನ್ನೊಂದು ತಿರುವು ಕಳೆಯಿತು. “ನಾನು ಕೊತ್ತಂಬ್ರಿ ಕೀಳೋವಾಗ ನೀವು ಕಿಟಕಿಲಿ ನಿಂತಿದ್ರಿ.”

ಈ ಸಲ ಮಾತು ಬಾರದ್ದಕ್ಕೆ ಹೆಪ್ಪು ಕಾರಣವಲ್ಲ.

ಈಗ ಎರಡು ವರ್ಷವಾಯಿತು. ಬಲಗೈಯ ಎರಡು ಬೆರಳು ಇನ್ನೂ ಪೂರ್ತಿ ನನ್ನವಾಗಿಲ್ಲ, ಚಮಚ ನಡುಗುತ್ತದೆ. ಕೆಲವು ಹೆಸರುಗಳು ಕರೆದ ತಕ್ಷಣ ಬರುವುದಿಲ್ಲ, ಸ್ವಲ್ಪ ಕಾಯಿಸಿ ಬರುತ್ತವೆ. ಏರಿನ ಅರ್ಧಕ್ಕೆ ನಿಲ್ಲುತ್ತೇನೆ. ದೃಶ್ಯ ನೋಡುವ ನಟನೆ ಬಿಟ್ಟಿದ್ದೇನೆ. ಸೆಲ್ವಿ ಸಿಸ್ಟರ್ ತನ್ನ ಪ್ರಶ್ನೆಗಳಿಗೆ ಇನ್ನೊಂದು ಸೇರಿಸಿಕೊಂಡಿದ್ದಾಳೆ: ಏನೇನು ಕುಡಿಯುತ್ತೀರಿ? ಮೊದಲು ಸಾಲಿನವರು ನಕ್ಕರು, ನೀಲಗಿರಿಯಲ್ಲಿ ಇದೂ ಒಂದು ಪ್ರಶ್ನೆಯೇ ಎಂದು. ನಾನು ನಗದೆ, ಹಿರಿಯ ಅಪರಾಧಿಯ ಗಾಂಭೀರ್ಯದಿಂದ ನನ್ನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಒಬ್ಬ ಅಜ್ಜಿ ಚೀಲದಿಂದ ಒಂದು ಕಷಾಯದ ಪೊಟ್ಟಣ ತೆಗೆದು ಸಿಸ್ಟರ ಮೇಜಿನ ಮೇಲಿಟ್ಟಳು. ಅವಳ ಹಿಂದೆ ಕೂತಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ಇನ್ನೊಂದು ತೆಗೆದರು.

ಸೊಪ್ಪಿನ ಮಡಿ ಮತ್ತೆ ಎದ್ದಿದೆ. ವಾರಕ್ಕೆ ಎರಡು ಸಲ, ಒಂದೇ ಬಟ್ಟಲಿನ ಅಳತೆಗೆ ಸರೋಜ ಸೊಪ್ಪು ಬೇಯಿಸುತ್ತಾಳೆ. ನಂಬರ್ ಓಣಿಯಲ್ಲೇ ಓಡಾಡಿಕೊಂಡಿದೆ.

ಊರಿಗೆ ವಾಪಸು ಬಂದ ದಿನ ಅವಳು ಮೂರನೆಯ ಡಬ್ಬಿಯನ್ನು ಖಾಲಿ ಮಾಡಿ ತೊಳೆದಳು. ಅಂದಿನಿಂದ ಭಾನುವಾರ ಭಾನುವಾರ ಒಗ್ಗರಣೆ ಮುಗಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಪಾಟಿನ ಮುಂದೆ ನಿಂತು, ಆರೂ ಡಬ್ಬಿಗಳ ಮುಚ್ಚಳ ತೆಗೆದು ಒಂದೊಂದನ್ನೇ ಮೂಸಿ ನೋಡುತ್ತಾಳೆ. ನಾನು ಅಲ್ಲೇ ಕೂತಿರುತ್ತೇನೆ. ಮುಚ್ಚಳ ಹಾಕಿ ಒಳಗೆ ಹೋಗುತ್ತಾಳೆ.

ಹೋದ ವಾರ ಹತ್ತು ಗಂಟೆಗೆ ಮೊದಲನೆಯ ಡಬ್ಬಿಯಿಂದ ಒಂದು ಬಟ್ಟಲು ಬಸಿದೆ. ನನ್ನ ಉದ್ಯೋಗದ ಕೊನೆಯ ವರ್ಷದ ಟೀ, ನಾನು ಮಾಡಿದವುಗಳಲ್ಲಿ ಒಳ್ಳೆಯದು. ಚಮಚ ಎತ್ತಿ ಹೀರಿ ನಾಲಗೆಯ ಮೇಲೆ ಹೊರಳಿಸಿದೆ. ಹಿಂದೆ ಎಲ್ಲೋ, ಎಳೆಯಷ್ಟೇ, ಇಂಗು. ಫ್ಯಾಕ್ಟರಿಯಲ್ಲಾಗಿದ್ದರೆ ಇಡೀ ಲಾಟ್ ಟೀಯನ್ನು ತಳ್ಳಿಹಾಕುವ ತಪ್ಪು.

ಅಡಿಗೆಮನೆಯ ಬಾಗಿಲಲ್ಲಿ ಸರೋಜ ನಿಂತಿದ್ದಳು. “ಹೆಂಗಿದೆ?” ಎಂದಳು. ಮದುವೆಯಾದಾಗಿನಿಂದ ಅವಳು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

“ಚೆನ್ನಾಗಿದೆ” ಎಂದೆ. ನುಂಗಿದೆ.